ಸದ್ದು ನಿಂತರೆ ಸರಿಹೋಯ್ತಾ?

ಮನೆಯ ಕರೆಂಟಿಗೆ ಒಂದು ಶ್ರುತಿ ಇದೆ. ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡಾಡುವ ಆ ವಿದ್ಯುತ್ತು ಸ್ಪೀಕರಿನೊಳಗೆ ನುಸುಳಿಕೊಂಡರೆ ‘ಗುಂಯ್’ ಅಂತ ಕೇಳಿಸುತ್ತದೆ. ಗಿಟಾರಿನ ಅತಿ ದಪ್ಪ ತಂತಿ ಮಿಡಿಯುವುದು ಸುಮಾರು 82 ಹರ್ಟ್ಸ್‌ನಲ್ಲಿ; ಈ ಗುಂಯ್ ಅದಕ್ಕಿಂತಲೂ ಕೆಳಗೆ, ಪಾಶ್ಚಾತ್ಯರ ‘ಜಿ’ ಸ್ವರಕ್ಕಿಂತ ಒಂಚೂರು ಮೇಲೆ ನಿಂತಿರುತ್ತದೆ. ತಂಬೂರಿಯ ಹಾಗೆ ಬಿಡುವಿಲ್ಲದೆ ನುಡಿಯುತ್ತದೆ, ಆದರೆ ಯಾವ ಹಾಡಿಗೂ ಹೊಂದುವುದಿಲ್ಲ. ಎಲೆಕ್ಟ್ರಿಕ್ ಗಿಟಾರ್ ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಇದರ ಜೊತೆ ಜಗಳ ಆಡಿರುತ್ತಾರೆ. ನಾನೂ ಆಡಿದೆ. ಆ ಜಗಳದ ಮಧ್ಯೆ ಎದ್ದ ಒಂದು ಪ್ರಶ್ನೆ ಗಿಟಾರಿಗಿಂತ ದೊಡ್ಡದು ಅನ್ನಿಸಿದ್ದರಿಂದ ಇದನ್ನು ಬರೀತಿದ್ದೀನಿ: ತೊಂದರೆ ಕೊಡ್ತಿದ್ದ ಸದ್ದು ನಿಂತುಹೋದರೆ ತೊಂದರೆ ಸರಿಹೋಯ್ತು ಅಂತ ಹೇಳಬಹುದಾ?

ಮೊದಲು ಪ್ರೀಆಂಪಿನ ವಿಷಯ. ಗಿಟಾರಿನ ಪಿಕಪ್ ಅಂದರೆ ಆಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ, ಕೂದಲಿನಷ್ಟು ಸಣ್ಣ ತಾಮ್ರದ ತಂತಿ. ಮೇಲಿನ ಉಕ್ಕಿನ ತಂತಿ ಅದುರಿದಾಗ ಅದರಲ್ಲಿ ಹುಟ್ಟೋ ವೋಲ್ಟೇಜು ಒಂದು ವೋಲ್ಟಿನ ಹತ್ತನೇ ಒಂದು ಭಾಗದ ಆಸುಪಾಸು. ಇಷ್ಟು ಬಡಕಲು ಸಿಗ್ನಲ್ಲನ್ನು ಹಾಗೇ ಉದ್ದದ ಕೇಬಲ್ಲಿಗೆ ಬಿಟ್ಟರೆ ಅದರ ಕಣಕಣ ಅನ್ನುವ ಗುಣವೆಲ್ಲ ದಾರಿಯಲ್ಲೇ ಸತ್ತುಹೋಗಿ, ಗಿಟಾರು ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ ಕೇಳುತ್ತದೆ. ಅದನ್ನು ಹುಟ್ಟಿದ ಜಾಗದ ಹತ್ತಿರವೇ ಹಿಡಿದು, ಗಟ್ಟಿ ಮಾಡಿ ಮುಂದಕ್ಕೆ ಕಳಿಸೋದು ಪ್ರೀಆಂಪಿನ ಕೆಲಸ. ಅಂಗಡಿಯಲ್ಲಿ ರೆಡಿ ಸಿಗುತ್ತೆ. ಆದರೂ ನಾನೇ ಮಾಡೋಣ ಅನ್ನಿಸಿತು. ದಿನವಿಡೀ ಬರೆಯೋ ಕೋಡು ಯಾವ ದೇಶದ ಯಾವ ಸರ್ವರಿನಲ್ಲಿ ಓಡುತ್ತೋ ನಾನು ಕಣ್ಣಾರೆ ನೋಡಿಲ್ಲ. ಬಿಇ ಮುಗಿದ ಮೇಲೆ ಸೋಲ್ಡರಿಂಗ್ ಐರನ್ ಹಿಡಿದೂ ಇರಲಿಲ್ಲ. ಶಿವರಾಮಪೇಟೆಗೆ ಹೋಗಿ ಸಾಮಾನು ತಂದೆ. ಟಿಎಲ್ 072 ಅನ್ನೋ ಎಂಟು ಕಾಲಿನ ಐಸಿ, ಒಂಬತ್ತು ವೋಲ್ಟಿನ ಬ್ಯಾಟರಿ, ಆ ಒಂಬತ್ತನ್ನು ನಾಲ್ಕೂವರೆಗೆ ಸೀಳೋಕೆ ಎರಡು ರೆಸಿಸ್ಟರು, ಪಿಕಪ್ಪಿಗೆ ಭಾರ ಆಗದಿರಲಿ ಅಂತ ಒಳಬರುವ ಕಡೆ ಒಂದು ಮೆಗಾಓಮಿನದು, ಮತ್ತೆ 100 ಕಿಲೋಓಮ್ ಒಂದು, 10 ಕಿಲೋಓಮ್ ಒಂದು. ಈ ಕೊನೆಯ ಎರಡರ ಲೆಕ್ಕದ ಪ್ರಕಾರ ಒಳಗೆ ಬಂದದ್ದು 11 ಪಟ್ಟಾಗಿ ಹೊರಗೆ ಹೋಗುತ್ತದೆ. ಏನು ಬಂದರೂ 11 ಪಟ್ಟು. ರಾಗವೋ ಗುಂಯ್‌ಯೋ ಅಂತ ಐಸಿ ಕೇಳುವುದಿಲ್ಲ.

ಎಲ್ಲವನ್ನೂ ಒಂದು ಅಲ್ಯೂಮಿನಿಯಂ ಡಬ್ಬಿಯಲ್ಲಿ ಕೂರಿಸಿ, ಎರಡು ಕವಲು ಹೊರಗೆಳೆದೆ: ಒಂದು ಹಾಲಿನಲ್ಲಿದ್ದ ಸ್ಪೀಕರಿಗೆ, ಇನ್ನೊಂದು ರೂಮಿನ ಟೇಬಲ್ ಮೇಲಿನ ಲ್ಯಾಪ್‌ಟಾಪಿಗೆ, ರೆಕಾರ್ಡ್ ಮಾಡೋಕೆ. ಆನ್ ಮಾಡಿದ ತಕ್ಷಣ ಗುಂಯ್.

ದೋಷ ಹುಡುಕೋದಕ್ಕೆ ಇರುವುದು ಒಂದೇ ಶಿಸ್ತು, ಸಾಫ್ಟ್‌ವೇರಿನಲ್ಲೂ ಅದೇ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸು. ತಂತಿಯ ಮೇಲೆ ಕೈ ಇಟ್ಟರೆ ಸದ್ದು ಸ್ವಲ್ಪ ಕಡಿಮೆಯಾಯಿತು. ಇದು ಎಲ್ಲ ಗಿಟಾರಿನಲ್ಲೂ ಆಗೋದೇ. ಗೋಡೆಯೊಳಗಿನ ವೈರುಗಳ ಪ್ರಭಾವವನ್ನು ನಮ್ಮ ಮೈ ಆಂಟೆನಾದ ಹಾಗೆ ಹಿಡಿದುಕೊಂಡು ಪಿಕಪ್ಪಿಗೆ ದಾಟಿಸುತ್ತಿರುತ್ತದೆ; ತಂತಿ ಮುಟ್ಟಿದಾಗ ಆ ಮೈಯೇ ಗಿಟಾರಿಗೆ ತಡೆಗೋಡೆ ಆಗುತ್ತದೆ. ಯಾಕಂದ್ರೆ ಗಿಟಾರಿನ ಲೋಹದ ತಂತಿಗಳು ಒಳಗೊಳಗೇ ಕೇಬಲ್ಲಿನ ಹೊರಜಾಳಿಗೆಗೆ, ಅಲ್ಲಿಂದ ಪ್ರೀಆಂಪಿನ ಡಬ್ಬಿಗೆ, ಅಲ್ಲಿಂದ ಸ್ಪೀಕರಿನ ಲೋಹದ ಮೈಗೆ, ಅಲ್ಲಿಂದ ಪ್ಲಗ್ಗಿನ ಮೂರನೇ ಪಿನ್ನಿನ ಮೂಲಕ ನೆಲಕ್ಕೆ ಸೇರಿಕೊಂಡಿರುತ್ತವೆ. ಈ ದಾರಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಗಿಟಾರ್ ಕಿತ್ತು ಒಳಬರುವ ಕಡೆ ಶಾರ್ಟ್ ಮಾಡಿದೆ, ಆದರೂ ಗುಂಯ್. ಅಂದರೆ ಪಿಕಪ್ಪಿನ ತಪ್ಪಲ್ಲ. ಸೋಲ್ಡರ್ ಮತ್ತೆ ಕಾಯಿಸಿದೆ, ಐಸಿ ಬದಲಾಯಿಸಿದೆ, ಬ್ಯಾಟರಿ ಹೊಸದು ಹಾಕಿದೆ. ಬದಲಾವಣೆ ಇಲ್ಲ. ಒಂದು ವಾರ ಸಂಜೆಗಳೆಲ್ಲ ಹೀಗೇ ಹೋದವು. ಕೊನೆಗೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೆ. ಮನೆ ನಿಶ್ಶಬ್ದ.

ಆರ್ಕೆಸ್ಟ್ರಾಗಳಿಗೆ ಸೌಂಡ್ ಸಿಸ್ಟಂ ಹಾಕುವ ಪರಿಚಯದವರೊಬ್ಬರಿದ್ದಾರೆ. ಗಣಪತಿ, ರಾಜ್ಯೋತ್ಸವ, ಊರ ಹಬ್ಬ ಅಂತ ವರ್ಷದಲ್ಲಿ ಅರ್ಧ ರಾತ್ರಿಗಳು ಅವರಿಗೆ ಸ್ಟೇಜಿನ ಪಕ್ಕದಲ್ಲೇ. ಅವರಿಗೆ ಫೋನ್ ಮಾಡಿ ಕೇಳಿದೆ.

“ಸಾ, ಅದೇನ್ ದೊಡ್ ವಿಷ್ಯ. ಸ್ಪೀಕರ್ ಪ್ಲಗ್ಗಿನ ದಪ್ಪ ಪಿನ್ ತೆಗ್ದ್ಬುಡಿ. ಕಮಕ್ ಕಿಮಕ್ ಅನ್ನಲ್ಲ. ನಾವೆಲ್ಲ ಅಂಗೇ ಮಾಡದು.”

ಅವರು ಹೇಳಿದ್ದು ನಿಜ. ತೆಗೆದರೆ ಸದ್ದು ನಿಲ್ಲುತ್ತಿತ್ತು.

ಆ ದಪ್ಪ ಪಿನ್ನನ್ನು ಒಮ್ಮೆ ಗಮನಿಸಿ. ಉಳಿದೆರಡಕ್ಕಿಂತ ಉದ್ದ ಇರುತ್ತದೆ. ಪ್ಲಗ್ ಚುಚ್ಚುವಾಗ ಅದು ಮೊದಲು ಒಳಗೆ ಹೋಗಬೇಕು, ಕೀಳುವಾಗ ಕೊನೆಗೆ ಹೊರಗೆ ಬರಬೇಕು ಅಂತ ಹಾಗೆ ಮಾಡಿರೋದು. ದಿನನಿತ್ಯದ ಕೆಲಸದಲ್ಲಿ ಅದರ ಪಾತ್ರ ಏನೂ ಇಲ್ಲ. ಅದಿಲ್ಲದೆಯೂ ಫ್ರಿಜ್ ತಣ್ಣಗಿರುತ್ತೆ, ಗೀಸರ್ ಬಿಸಿಯಾಗುತ್ತೆ. ಒಳಗಿನ ಫೇಸ್ ವೈರು ಯಾವತ್ತೋ ಸವೆದು ಯಂತ್ರದ ಲೋಹದ ಮೈಗೆ ತಗುಲಿದ ದಿನ, ಆ ಕರೆಂಟನ್ನು ನಮಗಿಂತ ಮೊದಲು ನೆಲಕ್ಕೆ ಕರೆದೊಯ್ದು ಫ್ಯೂಸೋ ಟ್ರಿಪ್ಪೋ ಆಗೋ ಹಾಗೆ ಮಾಡೋದು, ಅದೊಂದೇ ಅದರ ಕೆಲಸ.

ಊರಲ್ಲಿ ನಮ್ಮ ಪಂಪ್‌ಸೆಟ್ ಮನೆ ಪಕ್ಕ ಅರ್ಥಿಂಗ್ ಗುಂಡಿ ಇತ್ತು. ಇದ್ದಿಲು, ಉಪ್ಪು ತುಂಬಿ ಮಧ್ಯೆ ಕಬ್ಬಿಣದ ಪೈಪು ಇಳಿಸಿದ್ದರು. ಬೇಸಿಗೆ ಬಂತು ಅಂದ್ರೆ ಅಪ್ಪ, “ಗುಂಡಿಗ್ ಒಂದ್ ಬಿಂದ್ಗೆ ನೀರ್ ಉಯ್ದ್ ಬಾ ಓಗ್ಲಾ” ಅನ್ನೋರು. ಕುಡಿಯೋ ನೀರಿಗೇ ಪರದಾಡೋ ಕಾಲದಲ್ಲಿ ಗಿಡವೂ ಇಲ್ಲದ ಗುಂಡಿಗೆ ನೀರು ಹುಯ್ಯೋದು ನನಗೆ ಆಗ ವಿಚಿತ್ರ ಅನ್ನಿಸೋದು. ಒಣಮಣ್ಣಿನಲ್ಲಿ ಕರೆಂಟು ಸರಿಯಾಗಿ ಹರಿಯೋದಿಲ್ಲ, ತೇವ ಇರಬೇಕು ಅಂತ ಕಾಲೇಜಿನಲ್ಲಿ ಓದಿದಾಗ ಗೊತ್ತಾಯ್ತು. ಅಪ್ಪ ಅದನ್ನು ಓದಿರಲಿಲ್ಲ. ಆ ಗುಂಡಿ ಏನಾದರೂ ಮಾಡಿದ್ದನ್ನು ಅವರು ನೋಡಿಯೂ ಇರಲಿಲ್ಲ.

ಹಾಗಾಗಿ ಪಿನ್ನಿಗೆ ಕೈ ಹಾಕುವ ಮೊದಲು ಮಲ್ಟಿಮೀಟರ್ ತಗೊಂಡೆ. ಹಾಲಿನ ಸಾಕೆಟ್ಟಿನಲ್ಲಿ ಫೇಸಿಗೂ ಅರ್ಥಿಂಗಿಗೂ ಮಧ್ಯೆ 228 ವೋಲ್ಟ್. ಸರಿಯಾಗೇ ಇದೆ. ರೂಮಿನ ಸಾಕೆಟ್ಟಿನಲ್ಲಿ ಅದೇ ಅಳತೆ 70, ಸ್ವಲ್ಪ ಹೊತ್ತಿಗೆ 85, ಮತ್ತೆ 60. ನೆಲಕ್ಕೆ ಸೇರಿದ ವೈರು ಹೀಗೆ ತೂರಾಡೋದಿಲ್ಲ. ರೂಮಿನ ಮೂರನೇ ತೂತಿನಲ್ಲಿ ಹಸಿರು ವೈರು ಇತ್ತು, ಆದರೆ ಅದು ನೆಲ ಮುಟ್ಟಿರಲಿಲ್ಲ.

ಈಗ ಗುಂಯ್ ಅರ್ಥವಾಯಿತು. ಲ್ಯಾಪ್‌ಟಾಪ್ ಚಾರ್ಜರುಗಳು ಒಂದು ಪುಟ್ಟ ಪ್ರಮಾಣದ ಕರೆಂಟನ್ನು ಯಾವಾಗಲೂ ಅರ್ಥಿಂಗಿಗೆ ಸೋರಿಸುತ್ತಿರುತ್ತವೆ. ಒಳಗಿನ ಫಿಲ್ಟರಿನ ಕೆಪಾಸಿಟರುಗಳ ಸ್ವಭಾವವೇ ಅದು, ಕೆಟ್ಟುಹೋಗಿದೆ ಅಂತ ಅಲ್ಲ. ಅರ್ಥಿಂಗ್ ಇಲ್ಲದಿದ್ದರೆ ಅದು ಲ್ಯಾಪ್‌ಟಾಪಿನ ಲೋಹದ ಮೈಮೇಲೇ ಕೂತಿರುತ್ತದೆ. ಚಾರ್ಜಿಗೆ ಹಾಕಿದಾಗ ಅಂಗೈಗೆ ‘ಜುಮ್’ ಅನ್ನುವ ಅನುಭವ ಓದುತ್ತಿರೋರಲ್ಲಿ ಅರ್ಧ ಜನಕ್ಕಾದರೂ ಆಗಿರುತ್ತೆ. ಅದಕ್ಕೆ ನಮ್ಮ ಐಟಿ ಜನ ಕಂಡುಕೊಂಡ ಪರಿಹಾರ: ಕಾಲಿಗೆ ಚಪ್ಪಲಿ ಹಾಕ್ಕೊಳ್ಳೋದು! ನನ್ನ ಮನೆಯಲ್ಲಿ ಆ ಸೋರಿಕೆಗೆ ಬೇರೆ ದಾರಿ ಸಿಕ್ಕಿತ್ತು. ಲ್ಯಾಪ್‌ಟಾಪಿನಿಂದ ಆಡಿಯೋ ಕೇಬಲ್ಲು, ಪ್ರೀಆಂಪು, ಸ್ಪೀಕರು, ಸ್ಪೀಕರಿನ ದಪ್ಪ ಪಿನ್ನು, ನೆಲ. ಹಸಿರು ವೈರು ಮಾಡಬೇಕಿದ್ದ ಕೆಲಸವನ್ನು ನನ್ನ ಗಿಟಾರಿನ ತೆಳು ಕೇಬಲ್ಲು ಮಾಡ್ತಿತ್ತು, ಮಾಡ್ತಾ ಗುಂಯ್ ಅಂತಿತ್ತು.

ಇನ್ನೂ ಒಂದು ಸಂಗತಿ ಇತ್ತು. ಆ ಸತ್ತ ಹಸಿರು ವೈರು ರೂಮಿನಲ್ಲಿ ಮುಗಿದಿರಲಿಲ್ಲ. ಜಂಕ್ಷನ್ ಬಾಕ್ಸಿನಿಂದ ನನ್ನ ರೂಮಿಗೂ, ಅಲ್ಲಿಂದ ಹಿಂದಿನ ಪೋರ್ಷನ್ನಿಗೂ ಒಂದೇ ವೈರು ಹೋಗಿತ್ತು. ಹಿಂದಿನ ಪೋರ್ಷನ್ನಿನಲ್ಲಿ ಇಬ್ಬರು ಕಾಲೇಜು ಹುಡುಗಿಯರು ಬಾಡಿಗೆಗಿದ್ದರು. ಅವರ ಬಚ್ಚಲಿನ ಗೀಸರ್ ಅದಕ್ಕೇ ಸೇರಿಕೊಂಡಿತ್ತು. ಅಂದರೆ ಅವರ ಗೀಸರಿನ ಮೈಯೂ ನನ್ನ ಗಿಟಾರಿನ ತಂತಿಯೂ ಒಂದೇ ಲೋಹದ ಎಳೆಯಲ್ಲಿ ಕಟ್ಟಿಹಾಕಿದ ಹಾಗಿದ್ದವು. ಸಂಜೆ ನಾನು ಕೇಬಲ್ ಚುಚ್ಚಿದಷ್ಟು ಹೊತ್ತು ಮಾತ್ರ ಆ ಗೀಸರಿಗೆ ನೆಲದ ಸಂಪರ್ಕ ಇರ್ತಿತ್ತು, ಅದೂ ಗುಟುಕು ಜೀವದ ಒಂದು ಕೇಬಲ್ಲಿನ ಮೂಲಕ. ಆ ದಪ್ಪ ಪಿನ್ನು ಕಿತ್ತಿದ್ದರೆ? ಗುಂಯ್ ಪೂರ್ತಿ ನಿಲ್ಲುತ್ತಿತ್ತು. ಗೀಸರು, ಲ್ಯಾಪ್‌ಟಾಪು, ಪ್ರೀಆಂಪು, ಸ್ಪೀಕರು, ಗಿಟಾರ್ ತಂತಿ, ಎಲ್ಲ ಒಂದಕ್ಕೊಂದು ಸೇರಿಕೊಂಡು, ಯಾವುದೂ ನೆಲಕ್ಕೆ ಸೇರದೆ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತ ಯಾರೋ ಒಬ್ಬರಿಗಾಗಿ ಕಾಯುತ್ತಿದ್ದವು.

ಇದು ಉತ್ಪ್ರೇಕ್ಷೆ ಅನ್ನಿಸಬಹುದು. 1972ರಲ್ಲಿ ವೇಲ್ಸ್‌ನ ಸ್ವಾನ್‌ಸೀ ಊರಿನಲ್ಲಿ ಲೆಸ್ಲಿ ಹಾರ್ವಿ ಎಂಬ ಗಿಟಾರ್ ವಾದಕ, ಸರಿಯಾಗಿ ಅರ್ಥಿಂಗ್ ಆಗದ ಮೈಕು ಮುಟ್ಟಿ ವೇದಿಕೆಯ ಮೇಲೇ ಸತ್ತ. ವಯಸ್ಸು 27. ನಾಲ್ಕು ವರ್ಷದ ನಂತರ ಯಾರ್ಡ್‌ಬರ್ಡ್ಸ್ ತಂಡದ ಗಾಯಕ ಕೀತ್ ರೆಲ್ಫ್, ತನ್ನ ಮನೆಯಲ್ಲೇ ಗಿಟಾರ್ ನುಡಿಸುವಾಗ ಹೀಗೇ ಹೋದ. ಒಂದು ಕೈಯಲ್ಲಿ ತಂತಿ, ತುಟಿಗೆ ತಾಗುವ ಮೈಕು, ನಡುವೆ ಎದೆ. ಕರೆಂಟಿಗೆ ಇದಕ್ಕಿಂತ ನೇರ ದಾರಿ ಬೇಕಿಲ್ಲ.

ಈಗ ನನ್ನ ಪ್ರಶ್ನೆಗೆ ಬರ್ತೀನಿ. ಕಾರಣ ತಿಳಿದ ಮೇಲೆ ನನ್ನ ಮುಂದೆ ಒಂದು ನಿಮಿಷದ ಪರಿಹಾರ ಇತ್ತು: ಲ್ಯಾಪ್‌ಟಾಪಿಗೂ ಹಾಲಿನಿಂದಲೇ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದುಬಿಡೋದು. ಸದ್ದೂ ನಿಲ್ಲುತ್ತೆ, ನನಗೆ ಅಪಾಯವೂ ಇಲ್ಲ. ಪಿನ್ ಕಿತ್ತ ಹಾಗೆ ಯಾರಿಗೂ ಹೊಸ ಅಪಾಯ ಮಾಡಿದ ಹಾಗೂ ಆಗಲ್ಲ. ಹುಡುಗಿಯರು ನಿನ್ನೆ ಎಷ್ಟು ಸುರಕ್ಷಿತವಾಗಿದ್ದರೋ ಇವತ್ತೂ ಅಷ್ಟೇ. ನಾನು ಸಾಫ್ಟ್‌ವೇರಿನವನು, ವೈರಿಂಗ್ ನನ್ನ ಕೆಲಸ ಅಲ್ಲ, ಮನೆ ನನ್ನದಲ್ಲ. ಇಷ್ಟಕ್ಕೆ ನಿಲ್ಲಿಸಿದ್ದರೆ ತಪ್ಪೇನು?

ತಿಳಿದದ್ದಕ್ಕೆಲ್ಲ ನಾವೇ ಹೊಣೆ ಅಂದರೆ ಬದುಕೋಕೆ ಆಗಲ್ಲ. ಬೆಳಗ್ಗೆ ಬಸ್ ಸ್ಟ್ಯಾಂಡಿಗೆ ನಡೆಯೋ ದಾರಿಯಲ್ಲೇ ಬಾಗಿಲಿಲ್ಲದ ಎರಡು ಕರೆಂಟ್ ಪೆಟ್ಟಿಗೆ ನೋಡ್ತೀನಿ, ಸುಮ್ಮನೆ ಮುಂದೆ ಹೋಗ್ತೀನಿ. ಆದರೆ ಆ ಪೆಟ್ಟಿಗೆಯನ್ನು ನಾನೊಬ್ಬನೇ ನೋಡ್ತಿಲ್ಲ. ಸಾವಿರ ಜನ ನೋಡ್ತಾರೆ, ಲೈನ್‌ಮನ್ ಕೂಡ ನೋಡ್ತಾನೆ. ಅಪಾಯ ತನ್ನನ್ನು ತಾನು ತೋರಿಸಿಕೊಂಡು ನಿಂತಿದೆ. ನಮ್ಮ ಮನೆಯ ಸತ್ತ ವೈರು ಗೋಡೆಯೊಳಗಿತ್ತು, ಅದಕ್ಕಿದ್ದ ಒಂದೇ ಬಾಯಿ ನನ್ನ ಸ್ಪೀಕರು. ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದ ಕ್ಷಣ ಆ ಬಾಯಿ ಮುಚ್ಚುತ್ತಿತ್ತು. ಆಮೇಲೆ ಆ ವಿಷಯ ಇಡೀ ಜಗತ್ತಿನಲ್ಲಿ ನನ್ನ ತಲೆಯೊಳಗೆ ಬಿಟ್ಟರೆ ಇನ್ನೆಲ್ಲೂ ಇರುತ್ತಿರಲಿಲ್ಲ. ಸದ್ದು ಇರುವವರೆಗೆ ಅದನ್ನು ಯಾರು ಬೇಕಾದರೂ ಕೇಳಿ, ಏನಿದು ಅಂತ ಹುಡುಕಬಹುದಿತ್ತು. ನಾನು ಅದನ್ನು ನಿಲ್ಲಿಸಿದರೆ, ಅದು ಹೇಳ್ತಿದ್ದ ಮಾತನ್ನು ಹೇಳೋ ಕೆಲಸ ನನಗೆ ದಾಟುತ್ತದೆ. ದೋಷವನ್ನು ಸರಿಪಡಿಸೋದು ನನ್ನ ಹೊಣೆ ಆಗಿರಲಿಲ್ಲ. ಸದ್ದನ್ನು ನಿಲ್ಲಿಸಿ ಸುಮ್ಮನಿರುವ ಹಕ್ಕು ಮಾತ್ರ ನನಗಿರಲಿಲ್ಲ ಅಂತ ನನ್ನ ಲೆಕ್ಕ. (ರಾತ್ರಿ ಮೂರು ಗಂಟೆಗೆ ಬರುವ ಅಲರ್ಟನ್ನು ಮ್ಯೂಟ್ ಮಾಡಿ, ಬೆಳಗ್ಗೆ ಟೀಮಿಗೆ ಒಂದು ಸಾಲೂ ಬರೆಯದೆ ಆನ್‌ಕಾಲ್ ಇನ್ನೊಬ್ಬರಿಗೆ ವಹಿಸುವವರನ್ನು ಕಂಡರೆ ನನಗೆ ಆಗದಿರುವುದೂ ಇದಕ್ಕೇ ಇರಬೇಕು.)

ಮನೆ ಓನರ್ ಅಂಕಲ್ ಮಹಡಿ ಮೇಲೇ ಇರ್ತಾರೆ. ರಾಮನವಮಿಗೆ ಪಾನಕ ಕೋಸಂಬರಿ ಕೆಳಗೆ ಕಳಿಸುವಷ್ಟು ಒಳ್ಳೆಯವರು. ಹೇಳಿದೆ. ಅವರು ನಕ್ಕು, “ಇಪ್ಪತ್ತೆರಡು ವರ್ಷ ಆಯ್ತಪ್ಪಾ ಈ ಮನೆ ಕಟ್ಟಿಸಿ. ಇವತ್ತಿನವರೆಗೆ ಒಬ್ಬರಿಗೂ ಏನೂ ಆಗಿಲ್ಲ” ಅಂದರು.

ಈ ಮಾತನ್ನು ನಾನು ಹಗುರವಾಗಿ ತಗೊಳ್ಳಲಿಲ್ಲ. 22 ವರ್ಷದ ಅನುಭವ ಕಡಿಮೆ ಅಲ್ಲ. ಆದರೆ ಯೋಚಿಸಿ ನೋಡಿದರೆ, ಅರ್ಥಿಂಗ್ ಸರಿಯಾಗಿರುವ ಪಕ್ಕದ ಮನೆಯವರೂ ಇದೇ ಮಾತು ಹೇಳ್ತಾರೆ: ಏನೂ ಆಗಿಲ್ಲ. ವೈರು ಇದ್ದರೂ ಇಲ್ಲದಿದ್ದರೂ ಒಂದೇ ಉತ್ತರ ಬರುವುದಾದರೆ, ಆ ಉತ್ತರ ವೈರಿನ ಬಗ್ಗೆ ಏನನ್ನೂ ಹೇಳ್ತಿಲ್ಲ. ಗೀಸರಿನ ಕಾಯಿಲು 22 ವರ್ಷ ಕೆಡಲಿಲ್ಲ ಅನ್ನೋದನ್ನಷ್ಟೇ ಹೇಳ್ತಿದೆ. ಅಂಕಲ್‌ಗೆ ಇದನ್ನು ತರ್ಕದಲ್ಲಿ ಹೇಳಲಿಲ್ಲ, ಅವರು ನಿವೃತ್ತ ಮೇಷ್ಟ್ರು, ವಾದಕ್ಕೆ ಕೂತರೆ ಕಾಫಿ ಎರಡು ಸಲ ಬರುತ್ತೆ. ಮಲ್ಟಿಮೀಟರ್ ಹಿಡಿದು ಎರಡೂ ಸಾಕೆಟ್ ತೋರಿಸಿದೆ. 228. ಆಮೇಲೆ 70, 85, 60. ತೂರಾಡುವ ಅಂಕಿ ನೋಡಿ ಅವರು ಸುಮ್ಮನಾದರು. “ಹಿಂದುಗಡೆ ಹುಡುಗೀರಿಗೂ ಇದೇನಾ?” ಅಂತ ಕೇಳಿದರು.

ಮುಂದಿನ ವಾರ ಎಲೆಕ್ಟ್ರಿಷಿಯನ್ ಬಂದರು. ಜಂಕ್ಷನ್ ಬಾಕ್ಸಿನಲ್ಲಿ ಹಸಿರು ವೈರಿನ ಗಂಟು ಕಿಲುಬು ಹಿಡಿದು ಪುಡಿಯಾಗಿತ್ತು. ಜೋಡಿಸಿದರು. ಹಿತ್ತಲಲ್ಲಿ ಹೊಸ ಗುಂಡಿ ತೋಡಿದರು, ಇದ್ದಿಲು, ಉಪ್ಪು, ಪೈಪು, ನಮ್ಮೂರಿನದೇ ಲೆಕ್ಕ. ಮೀಟರಿನ ಪಕ್ಕ 30 ಮಿಲಿಆಂಪಿನ ಆರ್‌ಸಿಸಿಬಿ ಕೂರಿಸಿದರು. “ಇದಿದ್ದರೆ ಅರ್ಥಿಂಗ್ ಯಾಕೆ ಬೇಕು?” ಅಂತ ಅಂಕಲ್ ಕೇಳಿದ್ದು ಒಳ್ಳೆಯ ಪ್ರಶ್ನೆ. ಅರ್ಥಿಂಗ್ ಸರಿ ಇದ್ದರೆ ಗೀಸರ್ ಕೆಟ್ಟ ಗಳಿಗೆಯಲ್ಲೇ ಆ ಪೆಟ್ಟಿಗೆ ಟ್ರಿಪ್ ಆಗುತ್ತೆ. ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆ ಟ್ರಿಪ್ ಆಗುತ್ತೆ. ಜೀವ ಉಳಿಯಬಹುದು, ಆದರೆ ಪರೀಕ್ಷೆ ನಡೆಯೋದು ನಮ್ಮ ಮೈಮೇಲೆ.

ತಮಾಷೆ ಏನಂದ್ರೆ, ಇಷ್ಟೆಲ್ಲ ಆದ ಮೇಲೆ ಗುಂಯ್ ಪೂರ್ತಿ ಹೋಗಲಿಲ್ಲ. ಮೊದಲಿನ ಅಬ್ಬರ ಇಲ್ಲ, ಆದರೆ ಕಿವಿಗೊಟ್ಟರೆ ಇದೆ. ಎರಡು ಸಾಕೆಟ್ಟಿಗೂ ಈಗ ನಿಜವಾದ ಅರ್ಥಿಂಗ್ ಇದ್ದದ್ದರಿಂದ, ಅವೆರಡು ಮತ್ತು ನನ್ನ ಕೇಬಲ್ಲು ಸೇರಿ ಒಂದು ದೊಡ್ಡ ಬಳೆಯ ಆಕಾರ ಆಗಿತ್ತು; ಮನೆಯ ವೈರುಗಳ ಕಾಂತಕ್ಷೇತ್ರ ಆ ಬಳೆಯಲ್ಲಿ ಸಣ್ಣ ಕರೆಂಟು ಹರಿಸುತ್ತಿತ್ತು. ಗ್ರೌಂಡ್ ಲೂಪ್ ಅನ್ನೋದು ಇದಕ್ಕೇ. ಇದು ಆರೋಗ್ಯವಂತ ಮನೆಯ ಗುಂಯ್, ಇದರಿಂದ ಯಾರಿಗೂ ಅಪಾಯ ಇಲ್ಲ. ಡಬ್ಬಿಯೊಳಗೆ ಲ್ಯಾಪ್‌ಟಾಪಿಗೆ ಹೋಗುವ ಕವಲಿನಲ್ಲಿ ಒಂದು ಪುಟ್ಟ ಆಡಿಯೋ ಟ್ರಾನ್ಸ್‌ಫಾರ್ಮರ್ ಸೇರಿಸಿದೆ. ಅದರಲ್ಲಿ ಈ ಕಡೆಯ ತಾಮ್ರ ಆ ಕಡೆಯ ತಾಮ್ರವನ್ನು ಮುಟ್ಟೋದಿಲ್ಲ, ಸಂಗೀತ ಮಾತ್ರ ಆಯಸ್ಕಾಂತದ ರೂಪದಲ್ಲಿ ದಾಟುತ್ತೆ. ಬಳೆ ಮುರಿಯಿತು, ಅರ್ಥಿಂಗ್ ಉಳಿಯಿತು. ಈ ಸದ್ದನ್ನು ನಿಲ್ಲಿಸಿದ್ದಕ್ಕೆ ನನಗೆ ಯಾವ ಅಳುಕೂ ಇಲ್ಲ.

ಗಟ್ಟಿಯಾಗಿ ಕೇಳಿಸಬೇಕು ಅನ್ನುವ ಆಸೆ ನಮ್ಮ ಮೈಸೂರಿಗೆ ಹಳೆಯದು. ತಿರುಮಕೂಡಲಿನ ಟಿ. ಚೌಡಯ್ಯನವರು 1927ರ ಹೊತ್ತಿಗೆ ಏಳು ತಂತಿಯ ಪಿಟೀಲು ಕೈಗೆತ್ತಿಕೊಂಡದ್ದು ಈ ಕಾರಣಕ್ಕೇ. ಶಿವನಸಮುದ್ರದ ಕರೆಂಟು ಊರಿಗೆ 1908ರಲ್ಲೇ ಬಂದಿದ್ದರೂ ಕಛೇರಿಗಳಿಗೆ ಮೈಕು ಬಂದಿರಲಿಲ್ಲ. ಹಿಂದಿನ ಸಾಲಿನವರಿಗೆ ಪಿಟೀಲು ಮುಟ್ಟುತ್ತಿರಲಿಲ್ಲ. ಅವರು ತಂತಿಗಳನ್ನು ಜೋಡಿ ಮಾಡಿ ನಾದ ಹೆಚ್ಚಿಸಿದರು. ನಾಲ್ಕರ ಬದಲು ಏಳನ್ನು ಶ್ರುತಿ ಮಾಡಬೇಕು, ಎರಡೆರಡು ತಂತಿಯನ್ನು ಒಂದೇ ಬೆರಳಲ್ಲಿ ಒತ್ತಬೇಕು. ಸಭೆಗೆ ಬೇಕಾಗಿದ್ದ ಗಟ್ಟಿತನದ ಖರ್ಚನ್ನು ವಾದಕರೇ ತಮ್ಮ ಬೆರಳಿನಿಂದ ಕೊಟ್ಟರು. ಈಗ ಆ ಖರ್ಚು ಯಾರು ಯಾರ ಮೇಲೋ ಹಂಚಿಹೋಗಿದೆ. ಸಭಿಕರಿಗೆ ಗುಂಯ್ ಇಲ್ಲದ ಹಾಡು ಬೇಕು, ಕಮಿಟಿಗೆ ಕಡಿಮೆ ಬಾಡಿಗೆ ಬೇಕು, ಪಿನ್ನು ಕೀಳೋದು ಸೌಂಡಿನವರು, ತಂತಿ ಹಿಡಿಯೋದು ಹಾಡೋ ಹುಡುಗ.

ಈ ಕಥೆಯನ್ನೆಲ್ಲ ಸೌಂಡ್ ಸಿಸ್ಟಮ್ಮಿನವರಿಗೆ ಹೇಳಿ, ಅದೇ ಥರದ ಟ್ರಾನ್ಸ್‌ಫಾರ್ಮರ್ ಇನ್ನೊಂದು ಡಬ್ಬಿಗೆ ಹಾಕಿ ಕೊಂಡುಹೋಗಿ ಕೊಟ್ಟೆ. ಅವರು ತಿರುಗಿಸಿ ಮುರುಗಿಸಿ ನೋಡಿದರು.

“ಸಾ, ನೀವು ಮನೇಲ್ ಕೂತ್ಕಂಡು ಒಂದ್ ವಾರ ಉಡುಕುದ್ರಿ. ನಂಗೆ ಪ್ರೋಗ್ರಾಂ ಶುರುವಾಗಕ್ಕೆ ಅರ್ಧ ಗಂಟೆ ಇರ್ತದೆ. ಗುಂಯ್ ಅಂದ್ರೆ ಮೈಕಲ್ಲೇ ಬೈತಾರೆ. ಸ್ಟೇಜಿಗೆ ಕರೆಂಟ್ ಎಲ್ಲಿಂದ ಎಳ್ದವ್ರೆ ಅಂತಾನೇ ಗೊತ್ತಿರಲ್ಲ, ಅದ್ರಲ್ಲಿ ಅರ್ಥಿಂಗ್ ಎಲ್ ಬತ್ತದೆ?”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಜನರೇಟರಿನ ಪಕ್ಕ ಒಂದು ಸರಳು ಹೊಡೆಸಿ, ಸ್ಟೇಜಿನದೆಲ್ಲ ಒಂದೇ ಬೋರ್ಡಿನಿಂದ ತಗೊಳ್ಳಿ ಅಂದೆ. ಅವರು ಹೂಂ ಅಂದರು. ಡಬ್ಬಿಯನ್ನು ಕೇಬಲ್ಲಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು.

“ಗಿಟಾರ್ ಚಾನಲ್ಲಿಗೆ ಇದನ್ನ ಆಕ್ತೀನಿ. ಮಿಕ್ಕಿದ್ದಕ್ಕೆಲ್ಲ ಇನ್ನ ಏಳ್ ಬೇಕು. ಆ ದುಡ್ಡ ಬಾಡ್ಗೇಲಿ ಸೇರ್ಸುದ್ರೆ ಕಮಿಟಿಯೋರು ಕೊಟ್ಟಾರಾ ಸಾ?”